ರಟ್ಟಿನ ಕಂಪ್ಯೂಟರಿನ ಮಾಸ್ತರು

ಹೋದ ವಾರ ಮನೆಗೆ ಹೊಸ ಮಿಕ್ಸರ್ ಬಂತು. ಪೆಟ್ಟಿಗೆ ಬಿಚ್ಚಿದೊಡನೆ ರಟ್ಟಿನ ವಾಸನೆ ಮೂಗಿಗೆ ಹೊಡೆಯಿತು. ಒಣಹುಲ್ಲು, ಅಂಟು, ಗೋದಾಮಿನ ಧೂಳು ಎಲ್ಲ ಕಲೆತಂಥ ವಾಸನೆ. ಮಿಕ್ಸರನ್ನು ಅಡುಗೆಕಟ್ಟೆಯ ಮೇಲಿಟ್ಟು, ಖಾಲಿ ಪೆಟ್ಟಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ಕೂತುಬಿಟ್ಟೆ. ಒಲೆಯ ಮೇಲೆ ಹಾಲಿತ್ತು, ಉಕ್ಕಿತು. ನಮ್ಮ ಮಾಸ್ತರ ಚೀಲಕ್ಕೆ ಇದೇ ವಾಸನೆ ಇತ್ತು…

ಮಾಸ್ತರು ಧಾರವಾಡದ ಕಡೆಯವರು. ಪವಾಯಿಯ ಹತ್ತಿರ ಒಂದು ಕಂಪನಿಯಲ್ಲಿ ಕಂಪ್ಯೂಟರಿನ ಕೆಲಸ, ಅಲ್ಲೇ ಒಂದು ಕೋಣೆಯಲ್ಲಿ ವಾಸ. ಮದುವೆ ಮಾಡಿಕೊಂಡಿರಲಿಲ್ಲ. ಐವತ್ತು ದಾಟಿದ್ದಿರಬೇಕು. ದಪ್ಪ ಕನ್ನಡಕ, ಬಿಳಿ ಅಂಗಿ, ಹೆಗಲಲ್ಲಿ ಖಾದಿ ಚೀಲ. ನಮ್ಮ ಕಡೆಯವರಿಗೆ ಅವರ ಮಾತು ಮೊದಲು ಜಗಳದಂತೆ ಕೇಳಿಸುತ್ತಿತ್ತು. ನನ್ನನ್ನು 'ವೈನಿ' ಅನ್ನುತ್ತಿದ್ದರು. ಅತ್ತಿಗೆ ಎಂದು ಅರ್ಥ ಎಂದು ಗೊತ್ತಾದ ಮೇಲೆ ನನಗೂ ಅವರು ಮೈದುನನಂತೆ ಆದರು.

ನಾನು ಮೈಸೂರಿನವಳು. ಮದುವೆಯಾಗಿ ಘಾಟ್ಕೋಪರಿಗೆ ಬಂದೆ. ನಮ್ಮ ಮನೆಯವರಿಗೆ ಬ್ಯಾಂಕಿನಲ್ಲಿ ಕೆಲಸ. ಮಗಳು ಒಬ್ಬಳೇ, ಪುಟ್ಟಿ. ನೋಡಲು ಲಕ್ಷಣವಾಗಿದ್ದಳು, ಆದರೆ ಮಾತು ಬಹಳ ಕಡಿಮೆ, ಕಣ್ಣು ಕೊಟ್ಟು ನೋಡುತ್ತಿರಲಿಲ್ಲ. ಎಲ್ಲವೂ ನಿನ್ನೆ ಇದ್ದಂತೆ ಇಂದೂ ಇರಬೇಕು. ದೇವರ ಮನೆಯಲ್ಲಿ ನಾನು ರಾಯರ ಪಟವನ್ನು ಒಂದು ಬೆರಳಿನಷ್ಟು ಸರಿಸಿದರೂ ಬಂದು ಸರಿಯಾಗಿ ಇಟ್ಟು ಹೋಗುತ್ತಿದ್ದಳು. ಆಟಿಸಂ ಎಂಬ ಮಾತನ್ನು ಆಗ ಡಾಕ್ಟರರೂ ಅಪರೂಪಕ್ಕೆ ಆಡುತ್ತಿದ್ದರು. ಬಿಲ್ಡಿಂಗಿನಲ್ಲಿ ಅವಳನ್ನು 'ಪಗಲಿ', ಹುಚ್ಚಿ, ಅಂದವರೂ ಇದ್ದರು, ಲಿಫ್ಟಿನ ಬಾಗಿಲು ಹಿಡಿದು ಅವಳಿಗಾಗಿ ಕಾದವರೂ ಇದ್ದರು. ಎರಡನೆಯವರನ್ನೇ ನಾನು ನೆನಪಿನಲ್ಲಿ ಇಟ್ಟುಕೊಂಡಿದ್ದೇನೆ. ರಾಯರು ಅಷ್ಟು ಬುದ್ಧಿ ಕೊಟ್ಟಿದ್ದಾರೆ.

ಸ್ಟೇಷನ್ನಿನ ಹತ್ತಿರ ಒಂದು ಹಾಲ್‌ನಲ್ಲಿ ಇಂಥ ಮಕ್ಕಳಿಗಾಗಿ ಒಬ್ಬರು ಮರಾಠಿ ಹೆಂಗಸು ಶಾಲೆ ನಡೆಸುತ್ತಿದ್ದರು. ಪುಟ್ಟಿ ಅಲ್ಲಿ ನೆಮ್ಮದಿಯಾಗಿದ್ದಳು. ಆದರೆ ಅಲ್ಲಿ ಹದಿನೆಂಟರವರೆಗೆ ಮಾತ್ರ. ಆಮೇಲೆ ಮನೆ. ಮನೆಯೆಂದರೆ ಏನೆಂದು ನನಗೆ ಬೇಸಿಗೆ ರಜೆಗಳಲ್ಲಿ ಗೊತ್ತಾಗಿತ್ತು. ಮಾಡಲು ಏನೂ ಇಲ್ಲದ ದಿನ ಅವಳು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಳು. ನಾನು ನಡುವೆ ಕೈ ಇಡುತ್ತಿದ್ದೆ. ಅವಳಿಗೆ ಹದಿನೇಳು ತುಂಬಿದ ವರ್ಷ ನಾನು ಹಬ್ಬ ಹರಿದಿನಗಳಲ್ಲಿ ದೇವರ ಮುಂದೆ ಬೇರೇನೂ ಕೇಳಲಿಲ್ಲ. ಇವಳಿಗೊಂದು ಕೆಲಸ ಕೊಡಪ್ಪಾ, ಎಂಥದಾದರೂ ಸರಿ…

ಆ ವರ್ಷವೇ ಮಾಸ್ತರು ಬಂದರು. ಯಾರು ಕರೆದರೋ ತಿಳಿಯದು. ಒಂದು ಶನಿವಾರ ನಾನು ಪುಟ್ಟಿಯನ್ನು ಬಿಡಲು ಹೋದಾಗ ಹಾಲ್‌ನ ಮೂಲೆಯಲ್ಲಿ ಒಂದು ಟಿವಿ, ಅದಕ್ಕೆ ಜೋಡಿಸಿದ ಕಪ್ಪು ಕೀಲಿಮಣೆ, ಒಂದು ಟೇಪ್ ರೆಕಾರ್ಡರ್. ಆಗಿನ ಪುಟ್ಟ ಕಂಪ್ಯೂಟರುಗಳಿಗೆ ಪ್ರೋಗ್ರಾಮನ್ನು ಹಾಡಿನ ಕ್ಯಾಸೆಟ್ಟಿನಿಂದಲೇ ತುಂಬಬೇಕಿತ್ತು. ತುಂಬುವಾಗ ಕರ್ಕಶವಾಗಿ ಕಿರುಚುತ್ತಿತ್ತು. ನಾವು ತಾಯಂದಿರೆಲ್ಲ ಕಿವಿ ಮುಚ್ಚಿಕೊಂಡೆವು. ಪುಟ್ಟಿಯೂ ಮುಚ್ಚಿಕೊಂಡಳು. ಅವಳ ತರಗತಿಯಲ್ಲೇ ಒಬ್ಬ ಎತ್ತರದ ಗುಜರಾತಿ ಹುಡುಗನಿದ್ದ, ಅವನೊಬ್ಬ ಮಾತ್ರ ಟೇಪ್ ರೆಕಾರ್ಡರಿಗೆ ಕೆನ್ನೆ ಒತ್ತಿ ನಗುತ್ತ ಕೂತ.

ಮಾಸ್ತರ ಪರಿಚಯದ ಒಬ್ಬ ಸೇಠರಿಗೆ ಸಾಕಿನಾಕಾದ ಕಡೆ ವರ್ಕ್‌ಶಾಪ್ ಇತ್ತು. ಅಲ್ಲಿ ವಿದ್ಯುತ್ ಸ್ವಿಚ್ಚಿನ ಬಿಡಿಭಾಗಗಳನ್ನು ಪೊಟ್ಟಣ ಕಟ್ಟುತ್ತಿದ್ದರು. ಒಂದೊಂದು ಪೊಟ್ಟಣಕ್ಕೆ ಒಂದೊಂದು ಬಗೆಯ ಸಾಮಾನು. 'ಸಿರ್ ಪೆ ಕಿಸೀ ಕೋ ಖಡಾ ನಹೀ ಕರೂಂಗಾ. ತಲೆಯ ಮೇಲೆ ಯಾರೂ ನಿಲ್ಲದೆ ಮಾಡಬಲ್ಲರಾದರೆ ಇಬ್ಬರು ಮೂವರನ್ನು ತೆಗೆದುಕೊಳ್ಳುತ್ತೇನೆ' ಎಂದು ಸೇಠರು ಮಾತು ಕೊಟ್ಟಿದ್ದರಂತೆ. ತಲೆಯ ಮೇಲೆ ನಿಂತು ಹೇಳಿಕೊಡುವ ಮನುಷ್ಯನ ಬದಲು ಈ ಟಿವಿ ಇರಲಿ ಎಂಬುದು ಮಾಸ್ತರ ಯೋಚನೆ. ಪರದೆಯ ಮೇಲೆ ಚಿತ್ರ ಬರುತ್ತದೆ. ಚಿತ್ರದಲ್ಲಿ ಇದ್ದ ಸಾಮಾನನ್ನು ಪೊಟ್ಟಣಕ್ಕೆ ಹಾಕಿ ಬಟನ್ ಒತ್ತಿದರೆ ನಗುವ ಮುಖ, ಒಂದು ಟ್ಯೂನ್, ಆಮೇಲೆ ಮುಂದಿನ ಚಿತ್ರ. ನಮಗೆಲ್ಲ ಬಹಳ ಚಂದ ಕಂಡಿತು.

ಪುಟ್ಟಿ ಒಂದು ಪೊಟ್ಟಣ ಕಟ್ಟಿದಳು, ಬಟನ್ ಒತ್ತಿದಳು. ಮುಖ ನಕ್ಕಿತು. ಅವಳು ಎದ್ದು ಹೋಗಿ ಗೋಡೆಯಿಂದ ಪ್ಲಗ್ ಕಿತ್ತಳು.

ನಾನು ನಾಚಿಕೆಯಿಂದ ಕುಗ್ಗಿಹೋದೆ. ಮಾಸ್ತರು ಮಾತ್ರ ಗಲ್ಲ ಕೆರೆದುಕೊಂಡು, "ಖರೆ ಅದ. ಕೆಲಸ ಮಾಡೋರ ಮುಂದ ಯಾರಾರ ಹಿಂಗ ಹಲ್ಲ ಕಿರದ್ರ ನನಗೂ ಸಿಟ್ಟ ಬರತದ" ಅಂದರು.

ನಾವು ತಾಯಂದಿರು ಸುಮ್ಮನಿರಲಿಲ್ಲ. ಒಬ್ಬರು ಹೂವು ಹಾಕಿ ಎಂದರು, ಒಬ್ಬರು ಸಿನಿಮಾ ಹಾಡು ಹಾಕಿ ಎಂದರು. ನಾನು ಮೊದಲು ಗಣಪತಿ ಬರಲಿ, ವಿಘ್ನ ಕಳೆಯಲಿ ಎಂದೆ. ಮಾಸ್ತರು ಎಲ್ಲರ ಮಾತಿಗೂ ತಲೆಯಾಡಿಸಿದರು. ಕೊನೆಗೆ, "ವೈನಿ, ಇದರ ಮುಂದ ಕೂಡೋರು ನೀವಲ್ಲ, ಗಣಪತಿನೂ ಅಲ್ಲ. ಕೂಡೋರನ್ನ ಕೇಳೂಣಂತ" ಅಂದರು.

"ಅವರು ಏನು ಹೇಳ್ತಾರೆ ಮಾಸ್ತರೇ? ಮಾತೇ ಆಡಲ್ವಲ್ಲ."

"ಪ್ಲಗ್ ಕಿತ್ತಿದ್ದು ಮಾತಲ್ಲೇನ್ರೀ?"

ಮುಂದಿನ ಶನಿವಾರ ಅವರ ಚೀಲದ ತುಂಬ ರಟ್ಟು. ಧಾರಾವಿಯಲ್ಲಿ ಹಳೆಯ ಪೆಟ್ಟಿಗೆ ಕತ್ತರಿಸುವವರಿಂದ ತಂದಿದ್ದರು. ಟಿವಿಯಷ್ಟೇ ಅಗಲದ ಒಂದೊಂದು ಹಾಳೆಯನ್ನು ನೆಲದ ಮೇಲೆ ಹರಡಿ, ಪರದೆಯ ಮೇಲೆ ಬರುವುದನ್ನೆಲ್ಲ ಬೇರೆ ಬೇರೆ ತುಂಡುಗಳಲ್ಲಿ ಬರೆದು ಅದರ ಮೇಲಿಟ್ಟರು. ಸ್ವಿಚ್ಚಿನ ಚಿತ್ರ ಒಂದು ತುಂಡು, ಸ್ಕ್ರೂ ಒಂದು ತುಂಡು, ನಗುವ ಮುಖ ಒಂದು ತುಂಡು, ಟ್ಯೂನಿಗೂ ಒಂದು ತುಂಡು. ಮಕ್ಕಳ ನಡುವೆ ನೆಲದ ಮೇಲೆ ತಾವೂ ಕೂತರು. ಏನೂ ಹೇಳಲಿಲ್ಲ. ಯಾರು ಯಾವ ತುಂಡನ್ನು ತೆಗೆದು ಆಚೆ ಇಡುತ್ತಾರೆ, ಯಾವುದನ್ನು ಎಲ್ಲಿಗೆ ಸರಿಸುತ್ತಾರೆ ಎಂದು ನೋಡುತ್ತ ಕೂತರು. ನಮಗೆ ನಗು. ಬೆಳೆದ ಗಂಡಸು, ದೊಡ್ಡ ಕೆಲಸದವರು, ನೆಲದ ಮೇಲೆ ಮನೆಯಾಟ ಆಡುತ್ತಿದ್ದಾರೆ ಅನ್ನಿಸಿತು. ಒಬ್ಬರು ತಾಯಿ, "ಮಾಸ್ತರ್‌ಜೀ ಕಾ ಕಂಪ್ಯೂಟರ್ ಬಿಗಡ್ ಗಯಾ, ಅಬ್ ಕಾಗಜ್ ಕಾ ಬನಾ ರಹೇ ಹೈ" ಎಂದು, ಕೆಟ್ಟ ಕಂಪ್ಯೂಟರಿನ ಬದಲು ಕಾಗದದ್ದು ಮಾಡುತ್ತಿದ್ದಾರೆಂದು, ಕಿಚಾಯಿಸಿದರು. "ಹೌದ್ರೀ, ಇದಕ್ಕ ಕರೆಂಟ್ ಬ್ಯಾಡ" ಅಂದರು ಮಾಸ್ತರು.

ಪುಟ್ಟಿ ಮೊದಲು ನಗುವ ಮುಖವನ್ನು ತೆಗೆದು ಬಾಗಿಲ ಆಚೆ ಇಟ್ಟು ಬಂದಳು. ಆಮೇಲೆ ಚಿತ್ರಗಳನ್ನು ಎಡದಿಂದ ಬಲಕ್ಕೆ ಒಂದು ಸಾಲಿನಲ್ಲಿ ಇಟ್ಟಳು. ಮಾಸ್ತರು ಅವನ್ನು ಚಂದ ಕಾಣಲೆಂದು ವೃತ್ತಾಕಾರವಾಗಿ ಇಟ್ಟಿದ್ದರು. ಗುಜರಾತಿ ಹುಡುಗ ಟ್ಯೂನಿನ ತುಂಡನ್ನು ಎದೆಗೆ ಅಪ್ಪಿಕೊಂಡು ಕೊಡಲೇ ಇಲ್ಲ. ಅವನಿಗೆ ಸದ್ದು ಬೇಕು, ಇವಳಿಗೆ ಬೇಡ. ನಾವಾದರೆ ಇಬ್ಬರಿಗೂ ಗದರಿ ಒಂದು ದಾರಿಗೆ ತರುತ್ತಿದ್ದೆವು. ಮಾಸ್ತರು ಸದ್ದು ಬೇಕಾದವರಿಗೆ ಒಂದು ಬಟನ್, ಬೇಡದವರಿಗೆ ಒಂದು ಬಟನ್ ಮಾಡಿಕೊಂಡು ಬಂದರು. ಒಂದೊಂದು ಶನಿವಾರ ಒಂದೊಂದು ಬದಲಾವಣೆ. ಮೊದಲು ರಟ್ಟಿನಲ್ಲಿ, ಮಕ್ಕಳು ಒಪ್ಪಿದ ಮೇಲೆ ಟಿವಿಯಲ್ಲಿ. ಆಯುಧಪೂಜೆಗೆ ನಾನು ಆ ಕೀಲಿಮಣೆಗೆ ಕುಂಕುಮ ಹಚ್ಚಿದೆ. ಪುಟ್ಟಿ ಒರೆಸಿದಳು. ಅದೂ ಒಂದು ಬದಲಾವಣೆ ಎಂದು ಮಾಸ್ತರು ನಕ್ಕರು.

ಇಷ್ಟಾದರೂ ಒಂದು ತೊಡಕು ಉಳಿಯಿತು. ಪುಟ್ಟಿ ಒಂದಷ್ಟು ಪೊಟ್ಟಣಗಳನ್ನು ಸರಿಯಾಗಿ ಕಟ್ಟುತ್ತಿದ್ದಳು. ಆಮೇಲೆ ಇದ್ದಕ್ಕಿದ್ದಂತೆ ಮಣಿಕಟ್ಟು ಕಚ್ಚಿಕೊಳ್ಳುತ್ತಿದ್ದಳು, ಎದ್ದು ಪ್ಲಗ್ ಕೀಳುತ್ತಿದ್ದಳು. ಏಕೆಂದು ಯಾರಿಗೂ ತಿಳಿಯಲಿಲ್ಲ. ರಟ್ಟಿನ ತುಂಡುಗಳಲ್ಲಿ ಅವಳಿಗೆ ಬೇಡದ್ದು ಯಾವುದೂ ಉಳಿದಿರಲಿಲ್ಲ. ಯುಗಾದಿ ಕಳೆದ ಮೇಲೆ ಸೇಠರು ನೋಡಲು ಬರುವವರಿದ್ದರು. ನಾನು ಅನ್ನ ನೀರು ಸೇರದೆ ಓಡಾಡಿದೆ.

ಯುಗಾದಿಯ ದಿನ ಮಾಸ್ತರನ್ನು ಊಟಕ್ಕೆ ಕರೆದಿದ್ದೆವು. ಪುಟ್ಟಿ ದಿನವೂ ಎಲ್ಲರಿಗಿಂತ ಮೊದಲೇ ಅಡುಗೆಮನೆಯಲ್ಲಿ ತಾನೇ ಹಾಕಿಕೊಂಡು ತಿನ್ನುವವಳು. ಹಬ್ಬವಲ್ಲವೇ ಎಂದು ಅವಳನ್ನೂ ಪಂಕ್ತಿಯಲ್ಲಿ ಕೂರಿಸಿದೆ. ನಮ್ಮಲ್ಲಿ ಬಡಿಸುವುದೆಂದರೆ ಗೊತ್ತಲ್ಲ. ಸಾಕು ಎಂದವರಿಗೆ ಇನ್ನೊಂದು ಹಾಕದಿದ್ದರೆ ಬಡಿಸಿದ ಹಾಗೇ ಅಲ್ಲ.

"ಸಾಕ್ರೀ ವೈನಿ, ಹೊಟ್ಟಿ ಒಡೀತದ."

"ಇದೊಂದು ಹೋಳಿಗೆ ಹಾಕಿಸ್ಕೊಳಿ ಮಾಸ್ತರೇ, ಹೂವಿನ ಹಾಗಿದೆ. ಒಂದೇ ಒಂದು."

ಪುಟ್ಟಿಯ ಎಲೆಗೂ ಪಲ್ಯ ಹಾಕಿದೆ, ತಿಂದಳು. ಮತ್ತೆ ಹಾಕಿದೆ, ತಿಂದಳು. ಕೋಸಂಬರಿ ಹಾಕಿದೆ. ಅವಳ ಕೈ ಬಾಯಿಯತ್ತ ಹೋಯಿತು, ಮಣಿಕಟ್ಟು ಕಚ್ಚಿಕೊಂಡಳು. ದಡಕ್ಕನೆ ಎದ್ದು ಅಡುಗೆಮನೆಗೆ ನಡೆದಳು. ಹಬ್ಬದ ದಿನ ಹೀಗಾಯಿತಲ್ಲ ಎಂದು ನನಗೆ ಅಳುವೇ ಬಂತು.

ಪಾತ್ರೆ ಎಳೆಯುವ ಸದ್ದಾಯಿತು. ಪುಟ್ಟಿ ಹುಳಿಯ ಪಾತ್ರೆ ತಂದಿಟ್ಟಳು. ಮತ್ತೆ ಹೋಗಿ ಅನ್ನ ತಂದಳು. ಹೋಳಿಗೆಯ ಡಬ್ಬಿ, ಪಾಯಸ, ಹಪ್ಪಳ, ಒಂದೊಂದಾಗಿ ಎಲ್ಲವನ್ನೂ ತಂದು ತನ್ನ ಎಲೆಯ ಮುಂದೆ ಸಾಲಾಗಿ ಜೋಡಿಸಿದಳು. ಸಾಲನ್ನು ಆ ಕೊನೆಯಿಂದ ಈ ಕೊನೆಗೆ ನೋಡಿದಳು. ತನಗೆ ಬೇಕಾದಷ್ಟನ್ನು ಎಲೆಗೆ ಹಾಕಿಕೊಂಡಳು. ಉಳಿದದ್ದನ್ನು ಪಾತ್ರೆ ಸಮೇತ ಒಳಗೆ ಒಯ್ದಿಟ್ಟು ಬಂದು, ತಣ್ಣಗೆ ಕೂತು ಊಟ ಮಾಡಿದಳು.

ಮಾಸ್ತರ ತುತ್ತು ಕೈಯಲ್ಲೇ ಇತ್ತು.

"ವೈನಿ, ನಾ ಏನ್ ತಪ್ಪ ಮಾಡೀನಂತ ಗೊತ್ತಾತ್ರಿ."

"ಯಾಕೆ ಮಾಸ್ತರೇ, ಊಟ ಚೆನ್ನಾಗಿಲ್ವಾ?"

"ಊಟ ಅಮೃತ ಅದರೀ. ನನ್ನ ಕಂಪ್ಯೂಟರು ನಿಮ್ಮಂಗ ಬಡಸ್ಲಿಕತ್ತದ. ಒಂದು ಮುಗಿಸಿದ್ರ ಮತ್ತೊಂದು, ಅದು ಮುಗಿಸಿದ್ರ ಇನ್ನೊಂದು. ಎಷ್ಟ ಉಳದದ ಅಂತ ಆಕಿಗೆ ಹೇಳೂದೇ ಇಲ್ಲ. ಯಾವಾಗ ಏಳಬೇಕ ಹುಡಿಗಿ?"

ನಮ್ಮ ಮನೆಯವರು ಮಜ್ಜಿಗೆ ಕುಡಿಯುತ್ತ, "ಮದುವೆಯಾದಾಗಿನಿಂದ ನಾನೂ ಇದನ್ನೇ ಹೇಳ್ತಿದೀನಿ ಮಾಸ್ತರೇ. ನಾನು ಪ್ಲಗ್ ಕೀಳಲಿಲ್ಲ, ಅಷ್ಟೇ" ಎಂದರು.

ಆ ಮಧ್ಯಾಹ್ನ ಮಾಸ್ತರು ನಿದ್ದೆ ಮಾಡಲಿಲ್ಲ. ನಮ್ಮ ವರಾಂಡದಲ್ಲೇ ಕೂತು ರಟ್ಟು ಕತ್ತರಿಸಿದರು. ಪರದೆಯ ಕೆಳಗೆ ಚೌಕಾಬಾರದಲ್ಲಿ ಇರುವಂಥ ಖಾಲಿ ಮನೆಗಳ ಒಂದು ಸಾಲು. ಎಷ್ಟು ಪೊಟ್ಟಣ ಕಟ್ಟಬೇಕೋ ಅಷ್ಟು ಮನೆ. ಒಂದು ಮುಗಿದರೆ ಒಂದು ಮನೆ ತುಂಬುತ್ತದೆ. ಎಲ್ಲ ತುಂಬಿದರೆ ಪರದೆ ಕಪ್ಪಾಗುತ್ತದೆ, ಕೆಲಸ ಮುಗಿಯಿತು. ಪುಟ್ಟಿ ಬಂದು ಆ ಸಾಲನ್ನು ಕೆಳಗಿನಿಂದ ತೆಗೆದು ಮೇಲಕ್ಕೆ ಇಟ್ಟಳು, ಚಿತ್ರಕ್ಕಿಂತಲೂ ಮೇಲೆ. ಆಮೇಲೆ ಯಾವುದನ್ನೂ ಮುಟ್ಟಲಿಲ್ಲ. ಮಾಸ್ತರು ನನ್ನ ಕಡೆ ನೋಡಿ, "ಪಾಸ್ ಮಾಡಿದ್ಲರೀ" ಅಂದರು. ಅವರ ಕಣ್ಣಲ್ಲಿ ನೀರಿತ್ತು. ಅಂದು ಒಂದೇ ಒಂದು ಸಲ ಅವರು ತಮ್ಮ ಮನೆಯ ಮಾತು ಆಡಿದರು. ಅವರ ತಮ್ಮನೊಬ್ಬ ಹೀಗೇ ಇದ್ದನಂತೆ. "ಭಾಳ ಪ್ರೀತಿಲೆ ನೋಡಕೊಂಡ್ವಿರೀ. ನಿನಗೇನ ಬೇಕಂತ ಒಬ್ಬರೂ ಕೇಳ್ಲಿಲ್ಲ. ಹಂಗ ಹ್ವಾದ…" ಅಷ್ಟೇ.

ಸೇಠರು ಬರಲಿಲ್ಲ, ನಮ್ಮನ್ನೇ ವರ್ಕ್‌ಶಾಪಿಗೆ ಕರೆಸಿದರು. ಮಾಸ್ತರು ಟಿವಿ, ಕಂಪ್ಯೂಟರ್ ಎಲ್ಲವನ್ನೂ ರಿಕ್ಷಾದಲ್ಲಿ ಹೊತ್ತು ತಂದರು. ಮಶೀನುಗಳ ಸದ್ದಿನಲ್ಲಿ ಪುಟ್ಟಿ ಕಿವಿ ಮುಚ್ಚಿಕೊಂಡಳು. ಗುಜರಾತಿ ಹುಡುಗ ಮಾತ್ರ ಹಿಗ್ಗಿ ಕುಣಿದ. ಅವನ ಪರೀಕ್ಷೆ ಚೆನ್ನಾಗಿಯೇ ಆಯಿತು. ಪುಟ್ಟಿಯನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿದರು. ನಾನು ಸೆರಗಿನೊಳಗೆ ಜಪಮಣಿ ಹಿಡಿದು ಬಾಗಿಲಲ್ಲಿ ನಿಂತೆ. ಅವಳು ಒಂದೊಂದೇ ಪೊಟ್ಟಣ ಕಟ್ಟಿದಳು. ಮನೆಗಳು ತುಂಬುತ್ತ ಹೋದವು. ಪರದೆ ಕಪ್ಪಾಯಿತು. ಪುಟ್ಟಿ ಕೈ ಮಡಿಲಲ್ಲಿ ಇಟ್ಟುಕೊಂಡಳು.

ಸೇಠರಿಗೆ ಖುಷಿಯಾಯಿತು. ಖುಷಿಯಲ್ಲೇ, "ವಾಹ್ ಬೇಟಾ! ಔರ್ ಕರೋ, ಔರ್ ಕರೋ!" ಎನ್ನುತ್ತ ಇನ್ನೊಂದು ತಟ್ಟೆಯ ಸಾಮಾನನ್ನು ಅವಳ ಮೇಜಿನ ಮೇಲೆ ಸುರಿದುಬಿಟ್ಟರು.

ಪುಟ್ಟಿಯ ಕೈ ಬಾಯಿಯತ್ತ ಹೋಯಿತು. ನಾನು ಮುಂದೆ ಹೆಜ್ಜೆಯಿಟ್ಟೆ, ಮಾಸ್ತರು ಕೈ ಅಡ್ಡ ಹಿಡಿದರು. "ತಡೀರಿ."

ಪುಟ್ಟಿ ಸಾಮಾನಿನ ರಾಶಿಯನ್ನು ನೋಡಿದಳು. ಕಪ್ಪು ಪರದೆಯನ್ನು ನೋಡಿದಳು. ಬಾಯಿಗೆ ಹೋಗಿದ್ದ ಕೈ ಕೆಳಗೆ ಬಂತು. ರಾಶಿಯನ್ನು ಒಂದೊಂದು ಪೊಟ್ಟಣಕ್ಕೆ ಆಗುವಷ್ಟು ಗುಂಪು ಮಾಡಿದಳು. ಆಮೇಲೆ ಕೀಲಿಮಣೆಯ ಮೇಲೆ ಬೆರಳಿಟ್ಟು, ಪಾಠ ಶುರುವಾಗುವ ಮೊದಲು ಮಾಸ್ತರು ಒತ್ತುತ್ತಿದ್ದ ಗುಂಡಿಗಳನ್ನು ಒತ್ತಿದಳು. ಅದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಅದು ಮಾಸ್ತರ ಕೆಲಸ, ಎಷ್ಟು ಮನೆ ಬೇಕೆಂದು ಮೊದಲು ಹೇಳುವ ಕೆಲಸ. ಪರದೆ ಬೆಳಗಿತು. ಹೊಸ ಖಾಲಿ ಮನೆಗಳ ಸಾಲು ಮೂಡಿತು, ಮೇಜಿನ ಮೇಲೆ ಎಷ್ಟು ಗುಂಪಿತ್ತೋ ಅಷ್ಟೇ. ಪುಟ್ಟಿ ಕೆಲಸಕ್ಕೆ ಕೂತಳು.

ಮಾಸ್ತರು ಗೋಡೆಗೆ ಒರಗಿ ನಿಂತರು. "ನಾ ಹಾಕಿದ್ದಲ್ಲರೀ ಇದು, ನಾ ಹಾಕಿದ್ದಲ್ಲ… ಆಕೀನೇ…" ಎಂದು ಕನ್ನಡದಲ್ಲಿ ಸೇಠರಿಗೇ ಹೇಳುತ್ತಿದ್ದರು. ಸೇಠರಿಗೆ ಒಂದಕ್ಷರ ತಿಳಿಯಲಿಲ್ಲ. ಆದರೂ, "ಸೋಮ್‌ವಾರ್ ಸೇ ಭೇಜ್ ದೋ ಬಹನ್‌ಜೀ" ಎಂದು ನನ್ನ ಕಡೆ ತಿರುಗಿದರು. ಸೋಮವಾರದಿಂದಲೇ ಕೆಲಸ! ನಾನು ಅಲ್ಲೇ, ಆ ಎಣ್ಣೆ ಜಿಡ್ಡಿನ ನೆಲದ ಮೇಲೆ ರಾಯರಿಗೆ ಅಡ್ಡಬಿದ್ದೆ. ಕೆಲಸಗಾರರು ನಕ್ಕಿರಬಹುದು. ನಕ್ಕರೆ ನಗಲಿ.

ಪುಟ್ಟಿ ವರ್ಷಾನುಗಟ್ಟಲೆ ಆ ಕೆಲಸ ಮಾಡಿದಳು. ಗೋಡೆಯ ಮುಂದೆ ನಾನು ಕೈ ಇಡುವುದು ತಪ್ಪಿತು. ಮಾಸ್ತರು ಈಗ ಶನಿವಾರ ನಮ್ಮ ಮನೆಗೇ ಬರುತ್ತಿದ್ದರು.

ಆದರೆ ಮಾಸ್ತರು ಹೆಚ್ಚು ದಿನ ಉಳಿಯಲಿಲ್ಲ. ಅವಳು ಕೆಲಸಕ್ಕೆ ಸೇರಿದ ಮುಂದಿನ ಚಳಿಗಾಲದಲ್ಲಿ ಅವರಿಗೆ ಎದೆಯ ಕಾಯಿಲೆ ಕಾಣಿಸಿತು. ಒಂದು ದಿನ ಬಂದು, ಕೆಲಸ ಬಿಟ್ಟು ಧಾರವಾಡದ ಅಕ್ಕನ ಮನೆಗೆ ಹೋಗುತ್ತೇನೆ, ತಿರುಗಿ ಬರುವುದಾಗುವುದಿಲ್ಲ ಎಂದರು. ಮನೆಗೆ ಬರುವ ಶನಿವಾರಗಳು ಕೆಲವೇ ಉಳಿದಿವೆ, ಪುಟ್ಟಿಗೆ ಹೇಳುತ್ತೇನೆ ಎಂದರು.

"ಬೇಡ ಮಾಸ್ತರೇ, ಊರಿಗೆ ಹೋಗಿದಾರೆ, ಬರ್ತಾರೆ ಅಂತ ನಾನೇ ಹೇಳ್ತೀನಿ."

"ನಿಮ್ಮ ಅತ್ತಿ ಹ್ವಾದಾಗ ಹಂಗ ಹೇಳಿದ್ರಿ ಅಂದ್ರೆಲ್ಲ. ಏನಾತು?"

ಅಜ್ಜಿ ಬರುತ್ತಾರೆಂದು ಪುಟ್ಟಿ ಎಷ್ಟೋ ತಿಂಗಳು ಮಧ್ಯಾಹ್ನ ಬಾಗಿಲಲ್ಲಿ ನಿಂತಿದ್ದಳು.

"ಮುಗೀತದ ಅಂತ ಗೊತ್ತಿದ್ರ ಆಕಿ ಹೆದರೂದಿಲ್ಲ ವೈನಿ. ಹೆದರೋರು ನಾವು."

ಉಳಿದ ಶನಿವಾರಗಳಿಗೆ ಒಂದೊಂದು ರಟ್ಟಿನ ಚೌಕ ಮಾಡಿ ಅವಳ ಮುಂದಿಟ್ಟರು. ಬಂದಾಗಲೆಲ್ಲ ಅವಳೇ ಒಂದನ್ನು ಎತ್ತಿ ಅವರಿಗೆ ಕೊಡುತ್ತಿದ್ದಳು. ಕೊನೆಯದನ್ನು ಕೊಟ್ಟ ದಿನ ಅವಳು ಒಳಗೆ ಹೋಗಿ ಅವರ ಚೀಲ ತಂದಳು, ಚಪ್ಪಲಿಯನ್ನು ಜೋಡಿಸಿಟ್ಟಳು, ಬಾಗಿಲು ತೆರೆದು ಹಿಡಿದಳು. ಮಾಸ್ತರು ನಕ್ಕರು. "ಶಾಣ್ಯಾಕಿ. ಚೊಲೊತ್ನಾಗಿ ಕಳಿಸಿಕೊಟ್ಟಿ ನೋಡವಾ" ಎಂದು ಕೈ ಮುಗಿದು ಮೆಟ್ಟಿಲಿಳಿದರು. ಮಳೆಗಾಲದಲ್ಲಿ, ಮಾಸ್ತರು ಹೋದರೆಂದು ಅವರ ಅಕ್ಕನಿಂದ ಸುದ್ದಿ ಬಂತು. ಪುಟ್ಟಿ ಬಾಗಿಲಲ್ಲಿ ನಿಲ್ಲಲಿಲ್ಲ. ನಾನೇ ಬಹಳ ದಿನ ನಿಂತೆ…

ಆಮೇಲೆ ಏನೇನೋ ಆಯಿತು. ಆ ವರ್ಕ್‌ಶಾಪ್ ಇಲ್ಲ, ಪುಟ್ಟಿ ಬೇರೆ ಬೇರೆ ಕಡೆ ಕೆಲಸ ಮಾಡಿದಳು. ನಮ್ಮ ಮನೆಯವರು ಹೋದರು. ನನ್ನ ಮೊಣಕಾಲು ಹೋಯಿತು. ನಾನಿಲ್ಲದಾಗ ಇವಳು ಎಲ್ಲಿ ಎಂಬ ಮಾತು ಮಾತ್ರ ಎಲ್ಲಿಗೂ ಹೋಗದೆ ಮನೆಯಲ್ಲೇ ಕೂತಿತ್ತು. ಬದ್ಲಾಪುರದ ಕಡೆ ಇಂಥವರಿಗೆಂದು ಒಂದು ವಸತಿ ಇದೆ, ಅಲ್ಲೇ ಕೆಲಸವೂ ಉಂಟು. ರಾಯರ ದಯೆ, ಜಾಗ ಸಿಕ್ಕಿತು. ಮೊನ್ನೆ ಸೋಮವಾರ ಬಿಟ್ಟು ಬರಲು ಹೋದೆ.

ಅಲ್ಲಿ ಇವರನ್ನು ನೋಡಿಕೊಳ್ಳುವ ಹುಡುಗಿ, ಇಪ್ಪತ್ತೈದರ ಪ್ರಾಯ, ಒಳ್ಳೆಯವಳು. "ಆಂಟಿ, ದೀದಿ ಕೋ ಕ್ಯಾ ಪಸಂದ್ ಹೈ, ಕ್ಯಾ ನಹೀ, ಸಬ್ ಬತಾ ದೀಜಿಯೇ" ಎಂದಳು. ಪುಟ್ಟಿಗೆ ಏನು ಇಷ್ಟ, ಏನು ಬೇಡ ಎಂದು ಹೇಳಲು ನನ್ನ ಹತ್ತಿರ ಒಂದು ಆಯುಷ್ಯದಷ್ಟು ಇತ್ತು. ಬಾಯಿ ತೆರೆದೆ.

"ಉಸೀ ಸೇ ಪೂಛೋ ಬೇಟಾ. ಥೋಡಾ ಟೈಮ್ ಲಗೇಗಾ, ಬತಾಯೇಗೀ" ಎಂದುಬಿಟ್ಟೆ. ಅವಳನ್ನೇ ಕೇಳು, ತಡವಾದರೂ ಹೇಳುತ್ತಾಳೆ ಎಂದು.

ಅಷ್ಟರಲ್ಲಿ ಪುಟ್ಟಿ ಕೋಣೆಯ ಗೋಡೆಯಿಂದ ಬಣ್ಣದ ಕ್ಯಾಲೆಂಡರ್ ಇಳಿಸಿ ತಂದು ಆ ಹುಡುಗಿಯ ಕೈಗೆ ಕೊಟ್ಟಳು. ಹುಡುಗಿ ಒಂದು ಗಳಿಗೆ ನೋಡಿದಳು. ಯಾಕೆ ಎನ್ನಲಿಲ್ಲ. ತೆಗೆದುಕೊಂಡು ಹೊರಗೆ ಇಟ್ಟು ಬಂದಳು. ಇದನ್ನು ಮಾಸ್ತರಿಗೆ ಹೇಳಬೇಕು ಎಂದುಕೊಂಡೆ, ಮೊದಲಿನ ಹಾಗೆಯೇ, ಶನಿವಾರ ಬಂದಾಗ ಹೇಳಿದರಾಯಿತು ಅನ್ನುವ ಹಾಗೆ. ಆಮೇಲೆ ನೆನಪಾಯಿತು.

ಲೋಕಲಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಕಲ್ಯಾಣದಲ್ಲಿ ಜನ ನುಗ್ಗಿದರು. ಕೆಲಸದಿಂದ ಬರುತ್ತಿದ್ದ ಒಬ್ಬ ಹೆಣ್ಣುಮಗಳು ನನ್ನ ಮುಂದೆ ನಿಂತು, "ಆಂಟಿ, ಜರಾ ಸರಕ್‌ನಾ" ಎಂದಳು. ನೋಡಿಕೊಂಡೆ, ನನ್ನ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಿದ್ದೆ.

ಸರಿದು ಕೂತೆ.